ಅಪ್ಪನ ಎಲೆಗೆ ಟೊಮೆಟೊ ಸಾರು

2023ರ ಆಷಾಢ. ಅಪ್ಪ ಹೋಗಿ ಮೂರು ವರ್ಷವಾಗಿತ್ತು. ತಿಥಿಗೆ ಇನ್ನೆರಡು ದಿನ ಇರುವಾಗ ಅಣ್ಣ ಹಾಳೆ ಇಟ್ಟುಕೊಂಡು ಸಾಮಾನಿನ ಪಟ್ಟಿ ಬರೀತಿದ್ದ. ಎಳ್ಳು, ಉದ್ದಿನಬೇಳೆ, ಹೆಸರುಬೇಳೆ, ಬೆಲ್ಲ, ಕರಿಮೆಣಸು, ಗೋರಿಕಾಯಿ, ಹಾಗಲಕಾಯಿ, ಬಾಳೆಕಾಯಿ, ಗೆಣಸು, ಕೆಸುವಿನ ಗಡ್ಡೆ. ಅಮ್ಮ ಪಕ್ಕದಲ್ಲಿ ಕೂತು ಬತ್ತಿ ಹೊಸೀತಿದ್ದಳು. ತಲೆ ಎತ್ತದೇನೇ ಅಂದಳು:

"ಈ ಸಲ ಒಂಚೂರು ಟೊಮೆಟೊ ಸಾರು ಮಾಡಿಸಿಬಿಡೋ."

ಅಣ್ಣನ ಪೆನ್ನು ನಿಂತಿತು. "ತಿಥಿಗಾ?"

"ಮತ್ತಿನ್ಯಾವುದಕ್ಕೆ? ನಿಮ್ಮಪ್ಪ ಆ ಸಾರಿಲ್ಲದೆ ಒಂದು ದಿನ ಊಟ ಮಾಡಿದ್ರಾ? ಎರಡು ವರ್ಷ ಹಾಗಲಕಾಯಿ ಗೊಜ್ಜು ಹಾಕಿ ಎಬ್ಬಿಸಿದ್ದಾಯ್ತು. ಅವರಿಗೆ ಹಾಗಲಕಾಯಿ ಕಂಡ್ರೆ ಆಗ್ತಿತ್ತಾ?"

ಆಗ್ತಿರಲಿಲ್ಲ. ಅದು ನಮ್ಮ ಮನೇಲಿ ಎಲ್ಲರಿಗೂ ಗೊತ್ತಿರೋ ವಿಷಯ. ಅಪ್ಪನ ಊಟ ಅಂದ್ರೆ ಅನ್ನ, ಟೊಮೆಟೊ ಸಾರು, ಮೇಲೊಂದು ಚಮಚ ತುಪ್ಪ. ಕೊನೆಯ ದಿನಗಳಲ್ಲಿ ಗಟ್ಟಿ ಪದಾರ್ಥ ಇಳಿಯದೇ ಇದ್ದಾಗ ಆ ಸಾರಿನ ತಿಳಿಯನ್ನು ಲೋಟಕ್ಕೆ ಬಸಿದು ಅಮ್ಮ ಕುಡಿಸ್ತಿದ್ದಳು. ಅವರ ನಾಲಿಗೆ ಗುರುತಿಸಿದ ಕೊನೆಯ ರುಚಿ ಅದು.

ಅಣ್ಣ ನಿಧಾನವಾಗಿ ಹೇಳಿದ, "ಅಮ್ಮಾ, ತಿಥಿ ಅಡುಗೆಗೆ ಟೊಮೆಟೊ ಬರಲ್ಲ. ಅದು ನಮ್ಮ ಪದಾರ್ಥ ಅಲ್ಲ. ಪರದೇಶದ್ದು."

ಅಮ್ಮ ಬತ್ತಿ ಕೆಳಗಿಟ್ಟಳು. "ನಿಮ್ಮಪ್ಪ ಎಪ್ಪತ್ತು ವರ್ಷ ತಿಂದಿದ್ದು ನಮ್ಮದಲ್ಲದೆ ಇನ್ಯಾರದ್ದೋ?"

ಅಲ್ಲಿದ್ದ ಅತ್ತಿಗೆ ವಾತಾವರಣ ತಿಳಿ ಮಾಡೋಕೆ, "ಈಗಿನ ರೇಟಿಗೆ ಹಾಕದೇ ಇರೋದೇ ಒಳ್ಳೇದು ಬಿಡಿ ಅತ್ತೆ" ಅಂದರು. ಆ ತಿಂಗಳು ನಿಮಗೂ ನೆನಪಿರುತ್ತೆ. ಬೆಂಗಳೂರಿನಲ್ಲಿ ಕಿಲೋ ಟೊಮೆಟೊ ನೂರು ರೂಪಾಯಿ ದಾಟಿತ್ತು. ಯಾರೂ ನಗಲಿಲ್ಲ. ಅಮ್ಮ ಎದ್ದು ಒಳಗೆ ಹೋದಳು.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಜಗಳ ದೊಡ್ಡದೇನಲ್ಲ. ಆದ್ರೆ ಅಮ್ಮನ ಪ್ರಶ್ನೆ ಮಾತ್ರ ತಲೆಯೊಳಗೇ ಉಳೀತು. ಒಂದು ವಸ್ತು ಎಷ್ಟು ಕಾಲ ನಮ್ಮ ಜೊತೆ ಇದ್ದರೆ ನಮ್ಮದಾಗುತ್ತೆ? ಅದನ್ನ ತೀರ್ಮಾನ ಮಾಡೋರು ಯಾರು?

ಅಣ್ಣ ಹೇಳಿದ್ದರಲ್ಲಿ ಸುಳ್ಳಿಲ್ಲ. ಟೊಮೆಟೊ ಪರದೇಶದ್ದೇ. ಅದರ ಕಾಡು ಪೂರ್ವಜರು ಇರೋದು ದಕ್ಷಿಣ ಅಮೆರಿಕದ ಪಶ್ಚಿಮ ಅಂಚಿನಲ್ಲಿ, ಪೆರು, ಈಕ್ವೆಡಾರ್ ಕಡೆಯ ಆಂಡೀಸ್ ಬೆಟ್ಟಸಾಲಿನ ಆಸುಪಾಸು. ಈಗಿನಂತೆ ಮುಷ್ಟಿ ಗಾತ್ರದ ಹಣ್ಣಲ್ಲ, ನಮ್ಮ ಹಿತ್ತಲಿನ ಗಣಿಕೆ ಹಣ್ಣಿನ ದೊಡ್ಡಣ್ಣನಂಥ ಪುಟ್ಟ ಪುಟ್ಟ ಕಾಯಿಗಳು. ಅದನ್ನು ಸಾಕಿ, ಬೆಳೆಸಿ, ಅಡುಗೆಗೆ ತಂದವರು ಮೆಕ್ಸಿಕೋದ ಜನ. ಅವರ ನಹುವಾತ್ಲ್ ಭಾಷೆಯಲ್ಲಿ 'ತೊಮಾತ್ಲ್' ಅನ್ನೋ ಪದ ಇತ್ತು. ಸ್ಪೇನಿನವರು ಅದನ್ನ 'ತೊಮಾತೆ' ಮಾಡಿಕೊಂಡರು, ಇಂಗ್ಲಿಷರು 'ಟೊಮ್ಯಾಟೊ' ಅಂದರು. ನಾವು ಟೊಮೆಟೊ, ಟಮೋಟ, ಟಮಾಟಿ ಅಂತ ಊರಿಗೊಂದು ಥರ ಕರೀತೀವಿ.

1521ರಲ್ಲಿ ಕೋರ್ತೇಸ್ ಅನ್ನೋ ಸ್ಪೇನಿನ ದಂಡನಾಯಕ ಅಜ್ಟೆಕರ ರಾಜಧಾನಿಯನ್ನ ಹಾಳುಗೆಡವಿದ. ಅದಾದ ಕೆಲವು ದಶಕಗಳಿಗೆ ಸಹಗೂನ್ ಅನ್ನೋ ಪಾದ್ರಿ ಅಲ್ಲಿನ ಜನರ ಬದುಕನ್ನ ಅವರ ಬಾಯಿಂದಲೇ ಕೇಳಿ ಬರೆಸಿದ. ಅದರಲ್ಲಿ ಸಂತೆಯಲ್ಲಿ ಟೊಮೆಟೊ ಮಾರುವವರ ವರ್ಣನೆಯೂ ಇದೆ. ಒಳ್ಳೆಯ ವ್ಯಾಪಾರಿ ಬಗೆಬಗೆಯ ಹಣ್ಣು ಮಾರ್ತಾನೆ, ಕೆಟ್ಟ ವ್ಯಾಪಾರಿ ಕೊಳೆತದ್ದನ್ನೂ ಜಜ್ಜಿದ್ದನ್ನೂ ದಾಟಿಸ್ತಾನೆ ಅನ್ನೋ ಅರ್ಥದ ಮಾತು. ನಾಳೆ ನಮ್ಮ ಮಾರ್ಕೆಟ್ಟಿಗೆ ಹೋದರೂ ಈ ಎರಡೂ ಬಗೆಯವರು ಸಿಗ್ತಾರೆ. ಆ ರಾಜ್ಯ ಹೋಯಿತು, ಆ ದೇವರುಗಳ ಗುಡಿ ಹೋದವು. ಭಾಷೆ ಪೂರ್ತಿ ಹೋಗಲಿಲ್ಲ. ಇವತ್ತಿಗೂ ಹದಿನೈದು ಲಕ್ಷಕ್ಕೂ ಹೆಚ್ಚು ಜನ ನಹುವಾತ್ಲ್ ಮಾತಾಡ್ತಾರೆ. ಅದರದ್ದೊಂದು ಪದವನ್ನ ಮುಳಬಾಗಿಲಿನ ತರಕಾರಿ ಅಂಗಡಿಯವನೂ ದಿನಕ್ಕೆ ನೂರು ಸಲ ಕೂಗ್ತಾನೆ.

ಹೀಗೆ ಹೊರಟ ಹಣ್ಣನ್ನ ಯುರೋಪಿನವರೂ ಕೈ ಚಾಚಿ ಕರಕೊಳ್ಳಲಿಲ್ಲ. ಇಟಲಿಯ ವೈದ್ಯ ಮತ್ತಿಯೋಲಿ 1544ರಲ್ಲಿ ಇದರ ಬಗ್ಗೆ ಬರೆದಾಗ ಬದನೆಕಾಯಿಯ ಸಾಲಿಗೆ ಸೇರಿಸಿದ. ಇಂಗ್ಲೆಂಡಿನ ಗೆರಾರ್ಡ್ 1597ರ ತನ್ನ ಸಸ್ಯಗ್ರಂಥದಲ್ಲಿ ಗಿಡ ಪೂರ್ತಿ ಗಬ್ಬುನಾತ ಅಂತ ಮೂಗು ಮುರಿದ. ವಿಷದ ಗಿಡಗಳ ಬಂಧು ಅನ್ನೋ ಸಂಶಯ ಬೇರೆ. ಹದಿನೆಂಟನೇ ಶತಮಾನದಲ್ಲಿ ಅದಕ್ಕೆ ಸಿಕ್ಕ ಒಂದು ವೈಜ್ಞಾನಿಕ ಹೆಸರಿನ ಅರ್ಥ 'ತಿನ್ನಬಹುದಾದ ತೋಳನ ಪೀಚ್ ಹಣ್ಣು' ಅಂತ. ತೋಳ ಅಂತ ಹೆದರಿಕೆಯೂ ಉಂಟು, ತಿನ್ನಬಹುದು ಅಂತ ಸಮಾಧಾನವೂ ಉಂಟು. ಹೊಸಬರ ಬಗ್ಗೆ ನಮ್ಮೆಲ್ಲರ ಮನಸ್ಸು ಹೀಗೇ ಅಲ್ವಾ?

ಈಗ ಇಟಲಿ ಅಂದ ಕೂಡಲೆ ನೆನಪಾಗೋದೇ ಟೊಮೆಟೊ ಸಾಸು. ಆದ್ರೆ ಅಲ್ಲಿ ಅದರ ಅಡುಗೆ ಅಚ್ಚಾಗಿ ಸಿಗೋದು 1690ರ ದಶಕದಲ್ಲಿ, ನೇಪಲ್ಸಿನ ಲತೀನಿ ಅನ್ನೋನ ಪುಸ್ತಕದಲ್ಲಿ. ಅದನ್ನೂ ಅವನು 'ಸ್ಪೇನಿನ ರೀತಿ' ಅಂತಲೇ ಕರೆದಿದ್ದ. ಶ್ಯಾವಿಗೆಯ ಜೊತೆ ಟೊಮೆಟೊ ಸೇರಿದ ಪಾಕವಿಧಾನ ನೇಪಲ್ಸಿನ ಅಡುಗೆ ಪುಸ್ತಕಕ್ಕೆ ಬಂದಿದ್ದು 1839ರಲ್ಲಿ. ಮತ್ತಿಯೋಲಿ ಬರೆದ ದಿನದಿಂದ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಮುನ್ನೂರು ವರ್ಷ. ನೆಂಟ ಮನೆಯವನಾಗೋಕೆ ಅಷ್ಟು ಕಾಲ ಹಿಡೀತು. ಆದಮೇಲೆ ಮಾತ್ರ ಅದು ನಮ್ಮ ಅಜ್ಜಿಯರ ಅಡುಗೆ ಅಂತ ಎದೆ ತಟ್ಟಿ ಹೇಳಿಕೊಳ್ಳೋಕೆ ಶುರು ಮಾಡಿದರು.

ನಮ್ಮಲ್ಲಿಗೆ ಅದು ಪೋರ್ಚುಗೀಸರ ಮೂಲಕ ಬಂತು ಅನ್ನೋದು ಸಾಮಾನ್ಯ ನಂಬಿಕೆ. ಬಂದು ಬಹಳ ಕಾಲ ಮೂಲೆಯಲ್ಲೇ ಇತ್ತು. 1889ರಿಂದ ಜಾರ್ಜ್ ವ್ಯಾಟ್ ಅನ್ನೋ ಅಧಿಕಾರಿ ಭಾರತದ ಬೆಳೆಗಳ ಬಗ್ಗೆ ಸಂಪುಟಗಟ್ಟಲೆ ನಿಘಂಟು ಹೊರತಂದ. ಆಗಲೂ ಟೊಮೆಟೊ ಹೆಚ್ಚಾಗಿ ಬೆಳೀತಿದ್ದದ್ದು ಯುರೋಪಿಯನ್ನರಿಗಾಗಿ. ಬಂಗಾಳಿಗಳು, ಬರ್ಮಾದವರು ಮಾತ್ರ ಹುಳಿ ಪದಾರ್ಥಕ್ಕೆ ಹಾಕ್ತಾರೆ ಅಂತ ಅವನು ದಾಖಲಿಸಿದ. ಬಂಗಾಳಿಗಳು ಅದಕ್ಕಿಟ್ಟ ಹೆಸರು 'ಬಿಲಿತಿ ಬೇಗುನ್', ಅಂದ್ರೆ ವಿಲಾಯತಿ ಬದನೆ. ತಮಿಳರು ಇನ್ನೊಂದು ದಾರಿ ಹಿಡಿದರು. ನಾವು ಗಣಿಕೆ ಸೊಪ್ಪು ಅನ್ನೋದಕ್ಕೆ ಅವರು 'ಮಣತ್ತಕ್ಕಾಳಿ' ಅಂತಾರೆ. ಟೊಮೆಟೊಗೆ 'ತಕ್ಕಾಳಿ' ಅಂತಾರೆ. ಹೊಸಬನಿಗೆ ಮನೆತನದ ಹೆಸರನ್ನೇ ಕೊಟ್ಟುಬಿಟ್ಟರು. ನಾವು ಕನ್ನಡದವರು ಹೊಸ ಹೆಸರು ರೂಢಿಗೆ ತರಲಿಲ್ಲ. ಬಂದ ಹೆಸರಿಗೇ ಒಂದು ಬಾಲ ಸೇರಿಸಿ 'ಟೊಮೆಟೊ ಹಣ್ಣು' ಅಂದ್ವಿ. ಹಣ್ಣು ಅಂತ ಕರೆದು ತರಕಾರಿ ಬುಟ್ಟಿಗೆ ಹಾಕಿದ್ವಿ.

ಈ ಹಣ್ಣು-ತರಕಾರಿ ವಿಷಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 1883ರ ಸುಂಕದ ಕಾಯ್ದೆ ಪ್ರಕಾರ ಹೊರಗಿಂದ ಬರೋ ತರಕಾರಿಗೆ ಸುಂಕ ಇತ್ತು, ಹಣ್ಣಿಗೆ ಇರಲಿಲ್ಲ. ನಿಕ್ಸ್ ಅನ್ನೋ ನ್ಯೂಯಾರ್ಕಿನ ವ್ಯಾಪಾರಿಗಳು ಟೊಮೆಟೊ ಹಣ್ಣು, ಸುಂಕ ವಾಪಸ್ ಕೊಡಿ ಅಂತ ದಾವೆ ಹೂಡಿದರು. ಕೋರ್ಟಿನಲ್ಲಿ ನಿಘಂಟುಗಳನ್ನ ಓದಿದರು. 1893ರಲ್ಲಿ ನ್ಯಾಯಮೂರ್ತಿ ಗ್ರೇ ತೀರ್ಪು ಕೊಟ್ಟರು. ಸಸ್ಯಶಾಸ್ತ್ರದ ಪ್ರಕಾರ ಅದು ಬಳ್ಳಿಯ ಹಣ್ಣೇ ಸರಿ, ಆದರೆ ಜನ ಅದನ್ನ ಊಟದ ಜೊತೆ ಬಡಿಸ್ತಾರೆ, ಊಟವಾದ ಮೇಲೆ ಸಿಹಿಯಾಗಿ ತಿನ್ನಲ್ಲ, ಆದ್ದರಿಂದ ತರಕಾರಿ. ವ್ಯಾಪಾರಿಗಳು ಸೋತರು.

ನನಗೆ ಆ ರಾತ್ರಿ ಈ ತೀರ್ಪು ದೊಡ್ಡ ಆಸರೆಯಾಗಿ ಕಂಡಿತು. ಸಸ್ಯಶಾಸ್ತ್ರಿ ಹುಟ್ಟು ನೋಡ್ತಾನೆ. ಆ ಕೋರ್ಟು ಬಳಕೆ ನೋಡಿತು. ಅಣ್ಣ ಟೊಮೆಟೊದ ಹುಟ್ಟು ನೋಡ್ತಿದ್ದಾನೆ, ಅಮ್ಮ ಬಳಕೆ ನೋಡ್ತಿದ್ದಾಳೆ. ಹುಟ್ಟಿಗಿಂತ ಬಾಳುವೆ ದೊಡ್ಡದು. ಸರಿ, ಅಮ್ಮ ಗೆದ್ದಳು ಅಂದುಕೊಂಡೆ.

ಅದರ ಮೇಲೆ ಇನ್ನೊಂದು ಅಸ್ತ್ರವೂ ಸಿಕ್ಕಿತು. ಅಣ್ಣನ ಪಟ್ಟಿಯಲ್ಲಿ ಗೆಣಸು ಇತ್ತಲ್ಲ? ಸಿಹಿಗೆಣಸು. ನಮ್ಮ ಮನೆಯ ತಿಥಿಗೆ ಗೆಣಸಿನ ಪಲ್ಯ ಆಗಲೇಬೇಕು. ಮನೆಯಿಂದ ಮನೆಗೆ ಪದ್ಧತಿ ಬೇರೆ ಇರುತ್ತೆ, ನಮ್ಮಲ್ಲಿ ಹೀಗೆ. ಆ ಸಿಹಿಗೆಣಸಿನ ತವರೂ ಅಮೆರಿಕವೇ! ಮೆಣಸಿನಕಾಯಿ, ಆಲೂಗೆಡ್ಡೆ, ಟೊಮೆಟೊ ಬಾಗಿಲಲ್ಲಿ ನಿಂತಿರುವಾಗ ಗೆಣಸು ಮಾತ್ರ ಸದ್ದಿಲ್ಲದೆ ಒಳಗೆ ನುಗ್ಗಿ ಎಲೆಯ ಮೇಲೆ ಕೂತಿದೆ. ಇನ್ನು ದಿನದ ಸಾರಿಗೆ ಹಾಕೋ ಹುಣಸೆ. ಸಾವಿರಾರು ವರ್ಷದ ಹಿಂದೆ ಆಫ್ರಿಕದಿಂದ ಬಂದದ್ದು. ಆದರೂ ಅರಬರು ಅದಕ್ಕೆ 'ತಮರ್-ಎ-ಹಿಂದ್', ಹಿಂದೂಸ್ತಾನದ ಖರ್ಜೂರ ಅಂತ ಹೆಸರಿಟ್ಟರು. ಊರು ಬಿಟ್ಟು ಬಂದು ಎಷ್ಟು ಕಾಲವಾಯ್ತು ಅಂದ್ರೆ, ಬಂದ ಊರೇ ಅದರ ಹೆಸರಾಯ್ತು.

ಮಾರನೇ ದಿನ ಬೆಳಗ್ಗೆ ಕಾಫಿ ಹೊತ್ತಿಗೆ ಅಣ್ಣನ ಮುಂದೆ ಇದೆಲ್ಲ ಹರವಿದೆ. ಸ್ವಲ್ಪ ಗೆಲುವಿನ ದನಿಯಲ್ಲೇ ಅಂತ ಇಟ್ಕೊಳ್ಳಿ. ಅವನು ಸಮಾಧಾನವಾಗಿ ಕೇಳಿದ. ನಮ್ಮಣ್ಣ ಮೂರ್ಖನಲ್ಲ. ಲೋಟ ಕೆಳಗಿಟ್ಟು ಅಂದ:

"ಗೆಣಸು ಎಲ್ಲಿಂದ ಬಂತೋ ನನಗೆ ಗೊತ್ತಿರಲಿಲ್ಲ. ಗೊತ್ತಾದ್ರೂ ನಾನು ಬಿಡಲ್ಲ. ಪರದೇಶದ್ದು ಅಂದಿದ್ದು ತಪ್ಪು ಕಾರಣ, ಒಪ್ಪಿದೆ. ಸರಿಯಾದ ಕಾರಣ ಹೇಳ್ತೀನಿ ಕೇಳು. ಅಪ್ಪ ತಾತನ ತಿಥಿ ನಲವತ್ತು ವರ್ಷ ಮಾಡಿದರು. ಒಂದು ವರ್ಷನಾದ್ರೂ ಟೊಮೆಟೊ ಹಾಕಿಸಿದ್ರಾ? ಬೆಳಗ್ಗೆಯಿಂದ ಸಂಜೆವರೆಗೆ ಹೊಟ್ಟೆ ಕಾಯಿಸ್ಕೊಂಡು, ಆಮೇಲೆ ಅದೇ ಹಾಗಲಕಾಯಿ ಗೊಜ್ಜು ಉಣ್ತಿದ್ರು. ಇಷ್ಟ ಇಲ್ಲದಿದ್ರೂ. ನಾನು ಅಪ್ಪ ಮಾಡಿದ ಹಾಗೆ ಮಾಡ್ತಿದೀನಿ. ಅಷ್ಟೇ."

ನನ್ನ ಬಾಯಿ ಕಟ್ಟಿತು. ನಾನೂ ಅಮ್ಮನೂ ಅಪ್ಪನಿಗೆ ನಿಷ್ಠರಾಗಿದೀವಿ, ಅಣ್ಣ ನಿಯಮಕ್ಕೆ ನಿಷ್ಠನಾಗಿದಾನೆ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಅವನೂ ಅಪ್ಪನಿಗೇ ನಿಷ್ಠ. ನಮ್ಮ ಅಪ್ಪ ಸಾರಿಗೆ ಕಾಯುತ್ತಿದ್ದ ಅಪ್ಪ. ಅವನ ಅಪ್ಪ ಮಡಿ ಪಂಚೆ ಉಟ್ಟು, ಆ ಒಂದು ದಿನ ತನ್ನ ನಾಲಿಗೆಯನ್ನ ಪಕ್ಕಕ್ಕಿಟ್ಟ ಅಪ್ಪ. ಎರಡೂ ಒಬ್ಬರೇ ಮನುಷ್ಯ. ಕೋರ್ಟಿನ ತೀರ್ಪನ್ನ ನಾನು ಅಮ್ಮನ ಕಡೆ ಸಾಕ್ಷಿಗೆ ನಿಲ್ಲಿಸಿದ್ದೆನಲ್ಲ, ಅದು ಅಣ್ಣನ ಕಡೆಗೂ ಅಷ್ಟೇ ಸಲೀಸಾಗಿ ವಾಲುತ್ತೆ. ಬಳಕೆಯೇ ದೊಡ್ಡದು ಅಂದ್ರೆ, ತಿಥಿಯ ದಿನ ಟೊಮೆಟೊ ಬಳಸದೇ ಇರೋದೂ ಒಂದು ಬಳಕೆಯೇ.

ಅಡುಗೆ ಭಟ್ಟರ ಜೊತೆ ಬಂದಿದ್ದ ಶಾಸ್ತ್ರಿಗಳನ್ನ ಹೊರಗೆ ಚಪ್ಪಲಿ ಬಿಡೋ ಜಾಗದಲ್ಲೇ ಹಿಡಿದು ಕೇಳಿದೆ. "ಶಾಸ್ತ್ರಿಗಳೇ, ತಿಥಿ ಯಾರಿಗೆ? ಅಪ್ಪನಿಗೆ ತಾನೆ?"

"ಒಬ್ಬರಿಗಲ್ಲಮ್ಮ" ಅಂದರು. "ಮೂರು ತಲೆಮಾರು. ತಂದೆ, ತಾತ, ಮುತ್ತಾತ. ವಸು, ರುದ್ರ, ಆದಿತ್ಯ. ನಿಮ್ಮ ತಂದೆಯವರ ಹನ್ನೆರಡನೇ ದಿನ ಪಿಂಡ ಸೇರಿಸಿದ್ವಲ್ಲ, ಅವತ್ತು ಅವರು ಸಾಲಿಗೆ ಬಂದರು. ಅಲ್ಲಿ ಹಿಂದೆ ಇದ್ದ ಹಿರಿಯರು ಮುಂದಕ್ಕೆ ಹೋದರು."

ಇದು ನನಗೆ ಹೊಸ ವಿಷಯವೇನಲ್ಲ, ಆದರೆ ಅವತ್ತೇ ಅರ್ಥವಾದದ್ದು. ಎಲೆಯ ಮುಂದೆ ಅಪ್ಪ ಒಬ್ಬರೇ ಕೂತಿಲ್ಲ. ಅವರ ಪಕ್ಕದಲ್ಲಿ ತಾತ, ಅವರ ಪಕ್ಕ ಮುತ್ತಾತ. ಮುತ್ತಾತನನ್ನ ಕಂಡಿದ್ದ ನಮ್ಮಜ್ಜಿ ಹೇಳ್ತಿದ್ದರು, "ನಮ್ಮ ಮಾವನವರು ಆ ಹಣ್ಣನ್ನ ಮುಟ್ಟುತ್ತಿರಲಿಲ್ಲ, ನೆತ್ತರಿನ ಬಣ್ಣ ಅಂತಿದ್ರು." ವ್ಯಾಟ್ ತನ್ನ ನಿಘಂಟು ಬರೆಯೋ ಹೊತ್ತಿಗೆ ಹುಟ್ಟಿದ ಆ ಮುದುಕರಿಗೆ ಟೊಮೆಟೊ ಗುರುತಿಲ್ಲದ ಹಣ್ಣು. ಮೂರು ಜನ ಕೂತ ಪಂಕ್ತಿಯಲ್ಲಿ ಒಬ್ಬರಿಗೆ ಆಗದ ಪದಾರ್ಥ ಇದ್ದರೆ, ಬಡಿಸೋರು ಏನು ಮಾಡ್ತಾರೆ? ಎಲ್ಲರೂ ಉಣ್ಣಬಹುದಾದ್ದನ್ನ ಬಡಿಸ್ತಾರೆ. ಇಷ್ಟು ಸರಳ. ತಿಥಿಯ ಅಡುಗೆ ಅಂದ್ರೆ ಶುದ್ಧ ಭಾರತೀಯ ಅಡುಗೆ ಅಂತಲ್ಲ. ನಾವು ಮುಖ ನೋಡದ ಹಿರಿಯರ ಮುಂದಿಟ್ಟರೂ ಅವರಿಗೆ ಗುರುತು ಸಿಗೋ ಅಡುಗೆ.

ಆದರೆ ಇದೇ ಲೆಕ್ಕವನ್ನ ಇನ್ನೊಂದು ಹೆಜ್ಜೆ ಮುಂದಕ್ಕೆ ಹಾಕಿ ನೋಡಿ. ಅಣ್ಣನ ಮಗ ಮುಂದೊಂದು ದಿನ ಇದೇ ಕೆಲಸ ಮಾಡುವಾಗ, ಸಾಲಿನಲ್ಲಿ ಇರೋರು ಅಣ್ಣ, ಅಪ್ಪ, ತಾತ. ಮುತ್ತಾತ ಮುಂದಕ್ಕೆ ಹೋಗಿರ್ತಾರೆ. ಉಳಿದ ಮೂವರೂ ಟೊಮೆಟೊ ಸಾರು ಉಂಡೋರೇ! ಆವತ್ತು ಆ ಎಲೆಗೆ ಟೊಮೆಟೊ ಹಾಕಬಾರದು ಅನ್ನೋಕೆ ಯಾರ ಮುಖ ತೋರಿಸ್ತೀರಿ? ನೆನಪಿಗಾಗಿ ಹುಟ್ಟಿದ ನಿಯಮ, ನೆನಪಿಟ್ಟುಕೊಳ್ಳಬೇಕಾದವರು ದಾಟಿಹೋದ ಮೇಲೂ ನಿಂತೇ ಇದ್ದರೆ, ಅದು ಯಾರ ನೆನಪು?

ಇಲ್ಲಿಗೆ ಬರಹ ನಿಲ್ಲಿಸಿದ್ದರೆ ಚೆನ್ನಾಗಿರ್ತಿತ್ತು. ಆದರೆ ಇನ್ನೊಂದು ಮಾತಿದೆ. ಅದನ್ನ ಬಿಟ್ಟರೆ ಇದು ಅರ್ಧ ಸತ್ಯ ಆಗುತ್ತೆ.

ಅಪ್ಪನ ಊರು ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆ. ಕೋಲಾರದ ಮಾರುಕಟ್ಟೆ ಇವತ್ತು ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ವರ್ಷಪೂರ್ತಿ ಹರಿಯೋ ನದಿಯೇ ಇಲ್ಲದ ಜಿಲ್ಲೆ, ಸಾವಿರ ಅಡಿ ಮೀರಿ ಕೊರೆದ ಬೋರ್‌ವೆಲ್ಲುಗಳ ನೀರಿನಲ್ಲಿ ದೇಶಕ್ಕೆಲ್ಲ ಈ ಹಣ್ಣು ಕಳಿಸುತ್ತೆ. ನಾನು ಚಿಕ್ಕವಳಿದ್ದಾಗ, ಬೋರ್‌ವೆಲ್ಲಿಗಿಂತ ಬಾವಿ ಹೆಚ್ಚಿದ್ದ ಕಾಲ, ನಮ್ಮ ತೋಟದ ಕೆಲಸ ನೋಡಿಕೊಳ್ತಿದ್ದವರು ಒಬ್ಬರಿದ್ದರು. ಹೆಸರು ಬರೆಯಲ್ಲ. ನಮ್ಮ ಮನೆಗೆ ಬರ್ತಿದ್ದ ಟೊಮೆಟೊ ಅವರು ನೆಟ್ಟು, ಕಡ್ಡಿ ಕೊಟ್ಟು, ನೀರು ಕಟ್ಟಿ ಬೆಳೆದದ್ದು. ಬುಟ್ಟಿ ತುಂಬ ಹೊತ್ತು ತಂದು ಜಗಲಿಯ ಕೆಳಗೆ ಇಡ್ತಿದ್ದರು. ಅಜ್ಜಿ ಬುಟ್ಟಿಗೆ ನೀರು ಚಿಮುಕಿಸಿ ಒಳಗೆ ತಗೊಂಡು ಹೋಗ್ತಿದ್ದರು. ಮಧ್ಯಾಹ್ನ ಅದೇ ಹಣ್ಣಿನ ಸಾರು ಕುದಿಯೋದು. ಅವರಿಗೆ ಬಾಳೆ ಎಲೆ ಅಂಗಳದಲ್ಲಿ. ಅನ್ನ ಸಾರು ಮೇಲಿಂದ ಬೀಳೋದು.

ಮೆಕ್ಸಿಕೋದಿಂದ ಬಂದ ಹಣ್ಣು ನಡುಮನೆ ದಾಟಿ ಅಡುಗೆಮನೆ ಸೇರಿತು. ಅದನ್ನ ಬೆಳೆದ ಪಕ್ಕದ ಬೀದಿಯ ಮನುಷ್ಯ ಜಗಲಿ ಹತ್ತಲಿಲ್ಲ. ಅಪ್ಪ ಆಗ ಮೂವತ್ತು ದಾಟಿದ ಗಂಡಸು, ಓದಿದವರು. ಒಳಗೆ ಕೂತು ಸಾರು ಉಣ್ತಿದ್ದರು. ಏನೂ ಹೇಳಲಿಲ್ಲ.

ಅಜ್ಜಿಯನ್ನ ಕೇಳಿದರೆ ಎರಡಕ್ಕೂ ಒಂದೇ ಉತ್ತರ ಬರ್ತಿತ್ತು. "ಹಿಂದಿನಿಂದ ನಡಕೊಂಡು ಬಂದಿದ್ದು ಕಣೇ." ತಿಥಿಗೆ ಟೊಮೆಟೊ ಯಾಕಿಲ್ಲ ಅಂದರೂ ಅದೇ. ಅವರು ಯಾಕೆ ಒಳಗೆ ಬರಬಾರದು ಅಂದರೂ ಅದೇ. ಒಳಗಿಂದ ನೋಡಿದಾಗ ಎರಡೂ ಒಂದೇ ಮಡಿ, ಒಂದೇ ಭಕ್ತಿ. ಹಾಗಾಗಿ 'ಹಿಂದಿನಿಂದ ಬಂದಿದ್ದು' ಅನ್ನೋ ಮಾತನ್ನ ಕೇಳಿದಾಗ ಗೌರವದ ಜೊತೆ ನನಗೆ ಒಂಚೂರು ಭಯವೂ ಆಗುತ್ತೆ. ಅದು ಯಾವುದನ್ನ ಬೇಕಾದರೂ ಹೊದ್ದುಕೊಳ್ಳಬಲ್ಲ ಕಂಬಳಿ.

ಹಾಗಾದರೆ ಎರಡನ್ನೂ ಬೇರೆ ಮಾಡೋದು ಹೇಗೆ? ನನಗೆ ತೋಚಿದ್ದು ಇಷ್ಟು. ಯಾವುದನ್ನಾದರೂ ಹೊರಗಿಡೋ ನಿಯಮವನ್ನ ಎರಡು ಪ್ರಶ್ನೆ ಕೇಳಬೇಕು. ಇದು ಯಾರಿಗೋಸ್ಕರ? ಇದರ ಬೆಲೆ ಕೊಡ್ತಿರೋರು ಯಾರು? ತಿಥಿಯ ಎಲೆಯ ವಿಷಯದಲ್ಲಿ ಉತ್ತರ ಇದೆ. ಮುತ್ತಾತನಿಗೋಸ್ಕರ. ಬೆಲೆ ಕೊಡೋರು ನಾವೇ, ಒಂದು ದಿನ ನಮ್ಮಿಷ್ಟ ಬಿಟ್ಟು. ಟೊಮೆಟೊಗೆ ನೋವಾಗಲ್ಲ. ಜಗಲಿಯ ನಿಯಮವನ್ನ ಕೇಳಿ. ಯಾರಿಗೋಸ್ಕರ? ಉತ್ತರ ಇಲ್ಲ. ಬೆಲೆ ಕೊಟ್ಟೋರು? ಅಂಗಳದಲ್ಲಿ ಕೂತವರು, ಬೆಳೆದ ಹಣ್ಣಿನ ಜೊತೆಗೇ ಕೊಟ್ಟರು. ನಿಯಮ ಪಾಲಿಸೋನೇ ಬೆಲೆ ಕೊಟ್ಟರೆ ಅದು ವ್ರತ. ಪಾಲಿಸೋನು ಒಬ್ಬ, ಬೆಲೆ ಕೊಡೋನು ಇನ್ನೊಬ್ಬ ಆದರೆ ಅದಕ್ಕೆ ಬೇರೆ ಹೆಸರಿದೆ.

ಈ ಅಳತೆ ಹಿಡಿದುಕೊಂಡರೆ ನನ್ನ ವಿಷಯವೂ ಬರುತ್ತೆ. ಮದುವೆಯಾಗಿ ಗೋತ್ರ ಬದಲಾದ ಮಗಳು ನಾನು. ಅಪ್ಪನಿಗೆ ಎಳ್ಳುನೀರು ಬಿಡೋ ಕೈ ಅಣ್ಣನದು, ನನ್ನದು ಗೋರಿಕಾಯಿ ಹೆಚ್ಚೋ ಕೈ. ಬೇರೆ ಗೋತ್ರದಲ್ಲಿ ಹುಟ್ಟಿ ಬಂದ ಅಮ್ಮ ಈ ಮನೆಯವಳಾದಳು, ಈ ಮನೆಯಲ್ಲೇ ಹುಟ್ಟಿದ ನಾನು ಹೊರಗಿನವಳಾದೆ. ಟೊಮೆಟೊಗಿಂತ ವಿಚಿತ್ರ ಪಯಣ. ಅದು ಎಲೆಯ ಥರದ ನಿಯಮವೋ ಜಗಲಿಯ ಥರದ್ದೋ ಅಂತ ಕೇಳಿದರೆ, ನನಗೆ ಅದು ಜಗಲಿಯ ಕಡೆಗೇ ವಾಲಿದಂತೆ ಕಾಣುತ್ತೆ. ಅಣ್ಣನಿಗೆ ಇದನ್ನ ಇನ್ನೂ ಹೇಳಿಲ್ಲ. ಈಗ ಓದ್ತಾನೆ.

ತಿಥಿಯ ಹಿಂದಿನ ದಿನ ಮಧ್ಯಾಹ್ನ ಬಾಗಿಲ ಬೆಲ್ ಆಯಿತು. ನೋಡಿದರೆ ತೋಟದವರ ಮಗ. ಅವರೂ ಈಗ ಐವತ್ತರ ಹತ್ತಿರದವರು. ಸ್ವಂತ ಎರಡು ಎಕರೆಯಲ್ಲಿ ಟೊಮೆಟೊ ಹಾಕ್ತಾರೆ. ಆ ವಾರ ಕೋಲಾರದಲ್ಲಿ ಹದಿನೈದು ಕಿಲೋದ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಎಷ್ಟೋ ವರ್ಷದ ಸಾಲಕ್ಕೆ ಆ ಒಂದು ತಿಂಗಳು ಉಸಿರು ಬಿಟ್ಟಿತ್ತು. ಬೆಂಗಳೂರಿಗೆ ಬಂದವರು, "ಅಮ್ಮಾವ್ರಿಗೆ" ಅಂತ ಒಂದು ಕ್ರೇಟು ಹಣ್ಣು ತಂದಿದ್ದರು. ಆವತ್ತಿನ ಲೆಕ್ಕದಲ್ಲಿ ಎರಡು ಸಾವಿರದ ಉಡುಗೊರೆ. ಅಮ್ಮ ಅವರನ್ನ ಊಟಕ್ಕೆ ಕೂರಿಸಿದಳು, ನಮ್ಮ ಜೊತೆ, ಅದೇ ಮೇಜಿಗೆ. ಇದರಲ್ಲಿ ಹೆಮ್ಮೆ ಪಡೋದು ಏನೂ ಇಲ್ಲ. ನಾವ್ಯಾರೂ ಹೋರಾಡಿ ಬದಲಾದವರಲ್ಲ. ಬೆಂಗಳೂರಿನ ಮನೆಗೆ ಜಗಲಿ ಇರಲಿಲ್ಲ, ಅಷ್ಟೇ.

ಊಟದ ಮಧ್ಯೆ ಅವರು ಒಂದು ಮಾತು ಹೇಳಿದರು. ಈಗಿನ ಗಿಡಕ್ಕೆ ಎಲೆ ಮುದುಡೋ ರೋಗ ತಡೆಯೋ ಶಕ್ತಿ ಇದೆಯಂತೆ, ಹೆಸರಘಟ್ಟದವರು ಮಾಡಿದ ತಳಿ. ನಾನು ಓದಿದ್ದು ನೆನಪಾಯಿತು. ಸಾಕಿದ ಟೊಮೆಟೊ ದುರ್ಬಲ ಆದಾಗ ತಳಿ ವಿಜ್ಞಾನಿಗಳು ಎಷ್ಟೋ ಸಲ ಆಂಡೀಸ್ ಬೆಟ್ಟದ ಕಡೆಯ ಕಾಡು ಟೊಮೆಟೊಗಳನ್ನ ಹುಡುಕಿಕೊಂಡು ಹೋಗಿ, ಅವುಗಳ ಗುಣವನ್ನ ಮತ್ತೆ ಸೇರಿಸಿದ್ದಾರೆ. ಟೊಮೆಟೊಗೂ ಅದರ ಪಿತೃಗಳ ಋಣ ತೀರಿಲ್ಲ ಅಂತ ಹೇಳಿದೆ. ಅಣ್ಣ ಮೊದಲ ಸಲ ನಕ್ಕ.

ಮಾರನೇ ದಿನ ತಿಥಿ ಅಣ್ಣ ಬರೆದ ಪಟ್ಟಿಯಂತೇ ನಡೆಯಿತು. ಗೋರಿಕಾಯಿ, ಹಾಗಲಕಾಯಿ, ಗೆಣಸು. ಅಮ್ಮ ಒಂದು ಮಾತೂ ಆಡಲಿಲ್ಲ. ಪಿಂಡ ಇಟ್ಟಾಗ ಕಾಗೆ ಸ್ವಲ್ಪ ಹೊತ್ತು ಸತಾಯಿಸಿ ಬಂತು. ಅಮ್ಮನ ಮುಖ ನೋಡೋಕೆ ನನಗೆ ಧೈರ್ಯವಾಗಲಿಲ್ಲ.

ಅದರ ಮಾರನೇ ದಿನ ಬೆಳಗ್ಗೆ ಅಡುಗೆಮನೆಯಿಂದ ವಾಸನೆ ಬಂತು. ಒಗ್ಗರಣೆಯ ಇಂಗು, ಬೆಂದ ಟೊಮೆಟೊ. ಕ್ರೇಟಿನಲ್ಲಿದ್ದ ಹಣ್ಣಿನಲ್ಲಿ ಚೆನ್ನಾಗಿ ಕಳಿತದ್ದನ್ನೇ ಆರಿಸಿ ಅಮ್ಮ ದೊಡ್ಡ ಪಾತ್ರೆ ತುಂಬ ಸಾರು ಮಾಡಿದ್ದಳು. ಎಲೆ ಹಾಕಿದಳು, ತಟ್ಟೆಯಲ್ಲ, ಎಲೆಯೇ. ಅಪ್ಪ ಕೂರ್ತಿದ್ದ ಜಾಗದಲ್ಲಿ ಅಣ್ಣನನ್ನ ಕೂರಿಸಿದಳು.

"ನಿನ್ನೆ ಪಿತೃಗಳಿಗೆ" ಅಂದಳು. "ಇವತ್ತು ನಿಮ್ಮಪ್ಪಂಗೆ."

ನನ್ನ ಅಷ್ಟು ಇತಿಹಾಸ, ಕೋರ್ಟಿನ ತೀರ್ಪು, ಮೂರು ತಲೆಮಾರಿನ ಲೆಕ್ಕ ಬಿಡಿಸೋಕಾಗದ ಗಂಟನ್ನ ಅಮ್ಮ ಎರಡು ದಿನಕ್ಕೆ ಹಂಚಿಬಿಟ್ಟಳು. ಸಾಲಿಗೆ ಸೇರಿದ ಹಿರಿಯನಿಗೆ ಒಂದು ದಿನ, ತಾನು ಬಲ್ಲ ಗಂಡನಿಗೆ ಒಂದು ದಿನ. ಮುತ್ತಾತನ ಊಟವನ್ನೂ ಕೆಡಿಸಲಿಲ್ಲ, ಅಪ್ಪನನ್ನೂ ಉಪವಾಸ ಕಳಿಸಲಿಲ್ಲ. ಇದು ಪೂರ್ತಿ ಪರಿಹಾರ ಅಂತ ನಾನು ಹೇಳಲ್ಲ. ಮುಂದಿನ ತಲೆಮಾರಿನ ಪ್ರಶ್ನೆ ಹಾಗೇ ಇದೆ. ಅಣ್ಣನ ಮಗ ಅವತ್ತು ಸಾರು ಸುರೀತಾ ಕೇಳಿದ, "ಅಪ್ಪ, ನಾನು ನಿಂಗೆ ಮಾಡುವಾಗ ಏನು ಹಾಕ್ಲಿ? ಪಿಜ್ಜಾ?"

ಅತ್ತಿಗೆ ಅವನ ತಲೆಗೊಂದು ಮೊಟಕಿದರು. ಅಣ್ಣ ಮಾತ್ರ ಗಂಭೀರವಾಗಿ ಯೋಚಿಸಿದ. "ಆಗ ಕರ್ತೃ ನೀನು. ಎಲೆ ಮುಂದೆ ಯಾರ್ಯಾರು ಕೂತಿದಾರೆ ಅಂತ ಒಂದ್ಸಲ ನೋಡಿ ತೀರ್ಮಾನ ಮಾಡು" ಅಂದ.

ಆ ವರ್ಷ ಸೆಪ್ಟೆಂಬರ್ ಹೊತ್ತಿಗೆ ಟೊಮೆಟೊ ಬೆಲೆ ನೆಲಕಚ್ಚಿತು. ಊರಿಗೆ ಫೋನು ಮಾಡಿದಾಗ ತೋಟದವರ ಮಗ, ಬಿಡಿಸಿದ ಕೂಲಿಯೂ ಹುಟ್ಟಲ್ಲ ಅಂತ ಗಿಡದಲ್ಲೇ ಬಿಟ್ಟಿದೀನಿ ಅಂದರು. ಆ ಬೆಲೆಯನ್ನೂ ಕೊಡ್ತಿರೋರು ಅವರೇ.

ಈಗ ಪ್ರತಿ ವರ್ಷ ನಮ್ಮಲ್ಲಿ ಎರಡು ದಿನ. ಎರಡನೇ ದಿನಕ್ಕೆ ಅವರನ್ನೂ ಕರೀತೀವಿ. ಹಣ್ಣು ಅವರೇ ತರ್ತಾರೆ, ದುಡ್ಡು ತಗೊಳ್ಳಿ ಅಂದರೆ ತಗೊಳ್ಳಲ್ಲ. ಆ ಬಗ್ಗೆ ಅಮ್ಮನಿಗೂ ಅವರಿಗೂ ಬಾಗಿಲಲ್ಲಿ ಇನ್ನೂ ಜಗಳ ನಡೀತಾನೇ ಇದೆ.